ಎರಡರಲ್ಲಿ ಓಡಿ ನಾಲ್ಕರಲ್ಲಿ ನಿಂತ ಮಿಷಿನ್ನು

ಪ್ರಮೋಷನ್ನಿನ ಕಥೆ ನನ್ನ ಹತ್ತಿರ ಇಲ್ಲ. ಮೊದಲ ದಿನ ಯಾವ ಬೆಂಚಿನ ಮುಂದೆ ಕೂತೆನೋ, ಕೊನೆಯ ದಿನ ಅದೇ ಬೆಂಚಿನ ಮುಂದಿನಿಂದ ಎದ್ದು ಮನೆಗೆ ಬಂದೆ. ನಡುವೆ ಬದಲಾದದ್ದು ಸ್ಟೂಲು ಮಾತ್ರ, ಅದೂ ಕಾಲು ಮುರಿದದ್ದಕ್ಕೆ. ಗೋರೆಗಾಂವ್ ಸ್ಟೇಷನ್ನಿಗೆ ಹತ್ತಿರ ವಿಠಲಣ್ಣನ ಕಂಪ್ಯೂಟರ್ ಅಂಗಡಿಯಲ್ಲಿ ಮಿಷಿನ್ ಕಟ್ಟುವುದು ನನ್ನ ಕೆಲಸ. ಗಿರಾಕಿಗೆ ಏನು ಬೇಕೆಂದು ಕೇಳುವುದು, ಬೋರ್ಡು, ಪ್ರೊಸೆಸರು, ರ‍್ಯಾಮು ಆರಿಸುವುದು, ಜೋಡಿಸುವುದು, ಓಡಿಸಿ ನೋಡುವುದು, ಆಮೇಲೆ ಬೈಸಿಕೊಳ್ಳುವುದು. ಬೊರಿವಲಿಯಿಂದ ಲೋಕಲ್ ರೈಲಿನಲ್ಲಿ ಹೋಗುವಾಗ ದಿನಾ ಮನಸ್ಸಿಗೆ ಒಂದು ಕಚಗುಳಿ, ಇವತ್ತು ಯಾವ ಮಿಷಿನ್ನು ಏನು ಕಿತಾಪತಿ ಮಾಡುತ್ತದೋ ಎಂದು. ರಿಟೈರ್ ಆದ ಮೇಲೂ ಆ ಕಚಗುಳಿ ಹೋಗಿಲ್ಲ, ಏನು ಮಾಡಲಿ!

ಈ ಕೆಲಸಕ್ಕೆ ಹೊಸದಾಗಿ ಬರುವ ಮಕ್ಕಳು ನನಗೆ ಫೋನ್ ಮಾಡುತ್ತಾರೆ. ಕೇಳುವುದು ಎರಡೇ. "ಪ್ರಫುಲ್ಲಾ ಆಂಟಿ, ಈ ಬೋರ್ಡಿಗೆ ಯಾವ ರ‍್ಯಾಮ್ ಹಾಕ್ಲಿ? ಎಷ್ಟು ಓವರ್‌ಕ್ಲಾಕ್ ಮಾಡ್ಬಹುದು?" ಓವರ್‌ಕ್ಲಾಕ್ ಅಂದರೆ ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚು ಓಡಿಸುವುದು. ರ‍್ಯಾಮ್ ಅಂದರೆ ಕೆಲಸ ನಡೆಯುವಷ್ಟು ಹೊತ್ತು ಮಿಷಿನ್ನು ಎಲ್ಲ ನೆನಪಿಟ್ಟುಕೊಳ್ಳುವ ಪಟ್ಟಿ. ಒಂದು ಸಾಲಿನಲ್ಲಿ ಉತ್ತರ ಹೇಳಿದರೆ ಅವರು ಒಂದು ಸಾಲಿನಷ್ಟೇ ಕಲಿಯುತ್ತಾರೆ. ಹಾಗಾಗಿ ಉದ್ದಕ್ಕೇ ಹೇಳುತ್ತೇನೆ, ಕೂತು ಕೇಳಿ. ಮುಖ್ಯವಾಗಿ ಹೇಳಬೇಕಾದದ್ದು ರೇವತಿಯ ಮಿಷಿನ್ನಿನ ಕಥೆ. ಆದರೆ ಅದಕ್ಕೆ ಮೊದಲು ವಿಠಲಣ್ಣನ ಪರಿಚಯ ಆಗಬೇಕು.

ವಿಠಲಣ್ಣ ಉಡುಪಿ ಕಡೆಯವರು, ಮೊದಲು ಹೋಟೆಲ್ ಲೈನಿನಲ್ಲಿದ್ದವರು. ತಮ್ಮನಿಗೆ ಹೋಟೆಲು ಬಿಟ್ಟುಕೊಟ್ಟು, "ಇನ್ನು ಕಾಲ ಕಂಪ್ಯೂಟರಿಂದು" ಎಂದು ಅಂಗಡಿ ತೆರೆದರು. ಆದರೆ ಹೋಟೆಲು ಅವರನ್ನು ಬಿಡಲಿಲ್ಲ. ರಿಪೇರಿಗೆ ಬಂದ ಮಿಷಿನ್ನಿಗೆ ಟೋಕನ್ನು, ರೆಡಿಯಾದ ಮಿಷಿನ್ನಿಗೆ "ಪಾರ್ಸೆಲ್ ರೆಡೀ" ಎಂಬ ಕೂಗು. ಅಷ್ಟಾದರೆ ಅಡ್ಡಿಯಿರಲಿಲ್ಲ. ಹೋಟೆಲಿನಲ್ಲಿ ಬಕೇಟಿನ ಸಾಂಬಾರು ಕಡಿಮೆಯಾದರೆ ದೊಡ್ಡ ಪಾತ್ರೆಯಿಂದ ಮೇಲೆ ಸುರಿಯುತ್ತಾರಲ್ಲ, ವಿಠಲಣ್ಣ ರ‍್ಯಾಮಿಗೂ ಅದನ್ನೇ ಮಾಡಿದರು! ಗಿರಾಕಿ ಬಂದು "ಸ್ಲೋ ಆಗಿದೆ" ಅಂದರೆ ಸಾಕು, ಡ್ರಾಯರಿನಿಂದ ಕೈಗೆ ಸಿಕ್ಕ ಒಂದು ರ‍್ಯಾಮ್ ತೆಗೆದು, ಇದ್ದದ್ದರ ಪಕ್ಕಕ್ಕೆ ಚುಚ್ಚಿ ಕಳಿಸಿಬಿಡುವುದು. ಬೆಳಿಗ್ಗೆ ಹೋದ ಮಿಷಿನ್ನು ಸಂಜೆಗೆ ಕೆಟ್ಟು, ಪರದೆಯೆಲ್ಲ ನೀಲಿ ಮಾಡಿಕೊಂಡು ವಾಪಸ್ಸು.

"ವಿಠಲಣ್ಣ, ಇದು ಸಾಂಬಾರಲ್ಲ," ಅಂದೆ ಒಂದು ದಿನ.

"ಎಂತ ಮಾರಾಯ್ತಿ, ಎರಡರ ಮೇಲೂ ಒಂದೇ ಕಂಪನಿ ಹೆಸರುಂಟು, ಒಂದೇ ಸ್ಪೀಡ್ ಬರ್ದುಂಟು. ಮತ್ತೆಂತ ಬೇಕು ಅದಕ್ಕೆ? ಜಾತಕ ಕೂಡ್ಬೇಕಾ?"

"ಹೌದು, ಜಾತಕವೇ ಕೂಡ್ಬೇಕು!"

ಎರಡನ್ನೂ ದೀಪದ ಕೆಳಗೆ ಹಿಡಿದು ತೋರಿಸಿದೆ. ಮೇಲಿನ ಚೀಟಿ ಒಂದೇ, ಆದರೆ ಕೂತಿದ್ದ ಚಿಪ್ಪುಗಳು ಬೇರೆ ಬೇರೆ ಕಾರ್ಖಾನೆಯವು. ಒಂದು ಕೇಳಿದ್ದಕ್ಕೆ ತಟ್ಟನೆ ಉತ್ತರ ಕೊಡುತ್ತದೆ, ಇನ್ನೊಂದು ಒಂದು ಉಸಿರು ತಡೆದು ಕೊಡುತ್ತದೆ. ಬೋರ್ಡು ಪಾಪ ಇಬ್ಬರನ್ನೂ ಒಂದೇ ತಾಳಕ್ಕೆ ಕುಣಿಸಲು ಹೋಗಿ ಸುಸ್ತಾಗುತ್ತದೆ. ವಿಠಲಣ್ಣ ಕನ್ನಡಕ ಏರಿಸಿ ಇಳಿಸಿ ನೋಡಿ, "ಅಯ್ಯೋ ಶಿವನೇ, ಇದು ನಂಗೆ ಮೊದಲೇ ಹೇಳುದಲ್ವಾ?" ಎಂದು ನನಗೇ ಬೈದರು. ಅಂದಿನಿಂದ ಒಂದೇ ಡಬ್ಬಿಯಲ್ಲಿ ಜೋಡಿಯಾಗಿ ಬಂದದ್ದನ್ನು ಜೋಡಿಯಾಗಿಯೇ ಹಾಕುವುದು ನಮ್ಮ ಅಂಗಡಿಯ ನಿಯಮ. ಮಕ್ಕಳೇ, ನೀವೂ ಅಷ್ಟೇ ಮಾಡಿ. ಬೋರ್ಡ್ ಕಂಪನಿಯವರು ತಾವು ಪರೀಕ್ಷಿಸಿದ ರ‍್ಯಾಮುಗಳ ಪಟ್ಟಿ ಹಾಕಿರುತ್ತಾರೆ. ಅದನ್ನು ನೋಡದೆ ಅಂಗಡಿಗೆ ಹೋಗಬೇಡಿ.

ಇನ್ನು ರ‍್ಯಾಮಿನ ತಲೆಮಾರು. ಪ್ರತಿ ತಲೆಮಾರಿಗೂ ಕೆಳಗಿನ ಕಚ್ಚು ಬೇರೆ ಜಾಗದಲ್ಲಿರುತ್ತದೆ, ತಪ್ಪಿ ಬೇರೆಯದರಲ್ಲಿ ಕೂರಬಾರದು ಎಂದೇ. ಮುಲುಂಡಿನ ಹೋಟೆಲ್ ಯಜಮಾನರೊಬ್ಬರು ಬಿಲ್ಲಿನ ಮಿಷಿನ್ನಿಗೆ ತಾವೇ ರ‍್ಯಾಮ್ ಹಾಕಲು ಹೋದರು. ಕೂರಲಿಲ್ಲ. ಟಿಫಿನ್ ಡಬ್ಬಿಯ ಮುಚ್ಚಳ ಒತ್ತುವ ಹಾಗೆ ಎರಡು ಹೆಬ್ಬೆರಳು ಇಟ್ಟು ಒತ್ತಿದರು. ಕೂತಿತು! ಸ್ವಿಚ್ಚು ಹಾಕಿದರು. "ಉದ್ದಿನ ವಡೆ ಸೀದ ವಾಸನೆ ಬಂತು, ಅಡುಗೆಯವನಿಗೆ ಬೈದೆ," ಎಂದು ಅವರೇ ಹೇಳಿ ನಕ್ಕರು. ರ‍್ಯಾಮು, ಬೋರ್ಡು ಎರಡೂ ಹೋಗಿದ್ದವು. ಬಲ ಬೇಕೆನಿಸಿದರೆ ಕೈ ತೆಗೆಯಿರಿ, ನಾನು ಹೇಳುವುದು ಇಷ್ಟೇ.

ಓವರ್‌ಕ್ಲಾಕಿನ ಹುಚ್ಚು ನನಗೆ ಹಿಡಿದದ್ದು ಒಂದು ಭಾನುವಾರ. ಆಗೆಲ್ಲ ಈಗಿನ ಹಾಗೆ ಸ್ಕ್ರೀನಿನಲ್ಲಿ ಒಂದು ಗುಂಡಿ ಒತ್ತಿದರೆ ವೇಗ ಏರುತ್ತಿರಲಿಲ್ಲ. ಬೋರ್ಡಿನ ಮೇಲೆ ಸಾಸಿವೆಯಷ್ಟು ದೊಡ್ಡ ಟೊಪ್ಪಿಗಳಿರುತ್ತಿದ್ದವು, ಜಂಪರ್ ಅನ್ನುತ್ತಿದ್ದೆವು. ಹುಬ್ಬು ಕೀಳುವ ಚಿಮುಟದಿಂದ ಅದನ್ನು ಎತ್ತಿ ಪಕ್ಕದ ಮೊಳೆಗೆ ಹಾಕಬೇಕು. ಗಿರಾಕಿ ಇರದ ಹೊತ್ತು, ನಮ್ಮದೇ ಹಳೆಯ ಮಿಷಿನ್ನು. ಟೇಬಲ್ ಫ್ಯಾನು ಬಿಟ್ಟು ಒಂದು ಮೆಟ್ಟಲು ಏರಿಸಿದೆ. ಓಡಿತು. ಇನ್ನೊಂದು ಏರಿಸಿದೆ. ಓಡಿತು! ವಿಠಲಣ್ಣ ಗಲ್ಲಾ ಬಿಟ್ಟು ಬಂದು ನನ್ನ ಹೆಗಲ ಮೇಲಿಂದ ಬಗ್ಗಿ, "ಹಾಕು, ಇನ್ನೊಂದು ಹಾಕು!" ಎಂದು ಕಂಬಳದ ಗದ್ದೆಯ ಬದಿಯಲ್ಲಿ ನಿಂತವರಂತೆ ಕೂಗತೊಡಗಿದರು. ಇನ್ನೊಂದು ಹಾಕಿದೆ. ಟಪ್. ಪರದೆ ಕಪ್ಪು. ಆಮೇಲೆ ಟೊಪ್ಪಿಯನ್ನು ಹಿಂದಿನ ಮೊಳೆಗೆ ಹಾಕಿ, ಬೋರ್ಡಿನ ಸೆಲ್ಲು ತೆಗೆದು, ಅದು ಎಲ್ಲ ಮರೆಯುವವರೆಗೆ ಕಾದು, ಮತ್ತೆ ಹಾಕಿ ಎಬ್ಬಿಸಿದೆ. ಆ ಸಂತೋಷವನ್ನು ಏನೆಂದು ಹೇಳಲಿ! ಇನ್ನೂ ಒಂದು ಮೆಟ್ಟಲು ಇದ್ದೀತು, ಇದ್ದೀತು ಅನ್ನುವ ಆಸೆಯೇ ಈ ಕೆಲಸದ ರುಚಿ. ಅದೇ ಇದರ ಅಪಾಯ ಕೂಡ, ಅದಕ್ಕೇ ನಾನು ಒಂದು ನಿಯಮ ಮಾಡಿಕೊಂಡೆ. ಗಿರಾಕಿಗೆ ಹೇಳದೆ ಅವರ ಮಿಷಿನ್ನಿನ ವೇಗ ಮುಟ್ಟುವುದಿಲ್ಲ.

ಈಗ ರೇವತಿ.

ರೇವತಿ ಮುಲುಂಡಿನ ಹುಡುಗಿ. ಅಪ್ಪ ವಿಜಯಪುರ ಕಡೆಯಿಂದ ಬಂದು ಬಿಲ್ಡಿಂಗ್ ಕೆಲಸದಲ್ಲಿ ಗೌಂಡಿಯಾಗಿದ್ದವರು, ಅವಳು ಶಾಲೆಯಲ್ಲಿದ್ದಾಗಲೇ ತೀರಿಹೋದರು. ತಾಯಿ ನೀಲವ್ವ ಜೋಳದ ರೊಟ್ಟಿ ಬಡಿದು ಮನೆಮನೆಗೆ ಕೊಟ್ಟು ಮಗಳನ್ನು ಓದಿಸಿದಳು. ಮಗಳು ಸೀರಿಯಲ್ಲುಗಳ ಎಡಿಟಿಂಗ್ ಕಲಿತು, ದೊಡ್ಡ ಸ್ಟುಡಿಯೋ ಒಂದರಲ್ಲಿ ಕೆಲಸಕ್ಕಿದ್ದು, ಅದನ್ನು ಬಿಟ್ಟು ಗೋರೆಗಾಂವಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಗಾಳಾ, ಅಂದರೆ ಚಿಕ್ಕ ಮಳಿಗೆ, ಬಾಡಿಗೆಗೆ ಹಿಡಿದಳು. ಒಂದೇ ಕೋಣೆ, ಒಂದು ಎಸಿ, ಒಂದು ಮೇಜು. ಮೊದಲ ಕೆಲಸವೂ ಸಿಕ್ಕಿತ್ತು, ಹೊಸ ಸೀರಿಯಲ್ಲಿನ ಮೊದಲ ಎಪಿಸೋಡು. ದಸರೆಯ ವಾರ, ಶನಿವಾರ ಸಂಜೆ ಆರರೊಳಗೆ ಕೊಡಬೇಕು. ಕೊಡದಿದ್ದರೆ ಕೆಲಸ ಇನ್ನೊಬ್ಬರ ಪಾಲು. ಈ ಊರಿನಲ್ಲಿ ಮೊದಲ ಸಲವೇ ತಪ್ಪಿದವರನ್ನು ಎರಡನೆಯ ಸಲ ಯಾರೂ ಕರೆಯುವುದಿಲ್ಲ.

"ಆಂಟಿ, ನಂಗೆ ಫಾಸ್ಟ್ ಬೇಕು. ಏಕ್‌ದಮ್ ಫಾಸ್ಟ್. ಓವರ್‌ಕ್ಲಾಕ್ ಭೀ ಚಲೇಗಾ," ಅಂದಳು. ಅವಳ ಕನ್ನಡ ಅರ್ಧ ದಾರಿಯಲ್ಲಿ ಹಿಂದಿಗೆ ಹತ್ತಿಬಿಡುತ್ತದೆ. ನನಗೋ ಕೈ ತುರಿಸತೊಡಗಿತು. ಗಿರಾಕಿಯೇ ಕೇಳಿದ ಮೇಲೆ ಇನ್ನೇನು!

ಬೋರ್ಡಿನ ಪಟ್ಟಿ ನೋಡಿ ರ‍್ಯಾಮ್ ಆರಿಸಿದೆ. ಅವಳ ಕೆಲಸಕ್ಕೆ ನಾಲ್ಕು ಬೇಕು. ನಾಲ್ಕೂ ಒಂದೇ ಡಬ್ಬಿಯಲ್ಲಿ ಬರುವ ಸೆಟ್ಟು ಅಂದು ಸಿಗಲಿಲ್ಲ, ಎರಡೇ ಸಾಕಾಗುವಷ್ಟು ದೊಡ್ಡ ರ‍್ಯಾಮ್ ಹಬ್ಬದ ವಾರದಲ್ಲಿ ಯಾವ ಅಂಗಡಿಯಲ್ಲೂ ಇರಲಿಲ್ಲ. ಒಂದು ಜೋಡಿ ನಮ್ಮಲ್ಲಿತ್ತು, ಅದೇ ನಂಬರಿನ ಇನ್ನೊಂದು ಜೋಡಿ ಮರುದಿನ ಬರುವುದಿತ್ತು. ಕಾಯೋಣವೆಂದರೆ ಅಂದು ಆಯುಧಪೂಜೆ, ಪೂಜೆ ಆಗಲೇಬೇಕು. ಬೋರ್ಡಿನ ಮೇಲೆ ರ‍್ಯಾಮ್ ಕೂರಿಸುವ ನಾಲ್ಕು ಸ್ಲಾಟಿನಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಇದ್ದ ಜೋಡಿ ಹಾಕಿದೆ, ಎರಡೇ ಇದ್ದರೆ ಸಾಧಾರಣವಾಗಿ ಹಾಗೆಯೇ ಹಾಕಬೇಕು. ಒಂದನೆಯದೂ ಮೂರನೆಯದೂ ಖಾಲಿ ಉಳಿದವು.

ಗಾಳಾದ ಮೇಜಿನ ಮೇಲೆ ಮಿಷಿನ್ನನ್ನು ಮಲಗಿಸಿ ಕರೆಂಟು ತೆಗೆದಿದ್ದೆ. ಬದಿಯ ಗಾಜು ಮುಚ್ಚಲು ಹೋದರೆ ರೇವತಿ ತಡೆದಳು. "ನಕೋ ಆಂಟಿ, ತೆರೆದೇ ಇರ್ಲಿ. ಪೂಜೆ ಡಬ್ಬಿಗಲ್ಲ, ಮಿಷಿನ್ನಿಗೆ." ಅದೂ ಸರಿಯೇ. ಸುತ್ತಿಗೆಗೆ ಕುಂಕುಮ ಹಚ್ಚುವವರು ಸುತ್ತಿಗೆಯ ಚೀಲಕ್ಕೆ ಹಚ್ಚುತ್ತಾರೆಯೇ? ಅವಳು ಆರತಿ ತಟ್ಟೆಯನ್ನು ಸೀದಾ ತಾಯಿಯ ಕೈಗೆ ಕೊಟ್ಟಳು.

ನೀಲವ್ವ ಹಿಂದೆ ಸರಿದು ನನ್ನತ್ತ ಕೈ ತೋರಿಸಿದಳು. "ಬ್ಯಾಡವಾ, ನನ್ನ ಕೈ ಬ್ಯಾಡ. ಇವರ ಅದಾರಲ್ಲ, ಇವರ ಮಾಡ್ಲಿ."

ಪೂಜೆಗೆಂದು ಬಂದಿದ್ದ ನೆಗೆಣ್ಣಿ ಕಾಶವ್ವ, ಅಂದರೆ ನೀಲವ್ವನ ಮೈದುನನ ಹೆಂಡತಿ, ಬಾಗಿಲ ಹತ್ತಿರ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: "ಮುತ್ತೈದೇರು ಯಾರೂ ಸಿಗಲಿಲ್ಲೇನ ರೇವತಿ ನಿನಗ? ಮೊದಲನೇ ಕೆಲಸ ಐತಿ, ಇಂಥಾದ್ರಾಗ ಹಟ ಯಾಕ?"

ನನಗೆ ಮೈ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ರೇವತಿಯೇ ಅಂದಳು, ಹಿಂದಿ ಒಂದಕ್ಷರವೂ ಬೆರಸದೆ: "ರೊಟ್ಟಿ ಬಡಿದ ಕೈ ಇದು ಕಾಕು. ಈ ಕೈಯಿಂದನ ಆಗಬೇಕು."

ನೀಲವ್ವನ ಕಣ್ಣು ತುಂಬಿತು. ಗಂಡ ಹೋದ ಮೇಲೆ ಅವಳು ಅರಿಶಿನ ಕುಂಕುಮದ ಬಟ್ಟಲು ಮುಟ್ಟಿರಲಿಲ್ಲವಂತೆ. ಮುಟ್ಟಿದಳು ನೋಡಿ, ಚಿಟಿಕೆ ಅಲ್ಲ, ಮುಷ್ಟಿಯಲ್ಲಿ ತೆಗೆದಳು! ಬೋರ್ಡಿನ ಮೇಲೆ, ಪಂಖದ ಮೇಲೆ, ತಂತಿಗಳ ಮೇಲೆ ಅರಿಶಿನ, ಕುಂಕುಮ, ಅಕ್ಷತೆ, ಹೂವು. ವಿಠಲಣ್ಣ ಗಂಟೆ ಬಾರಿಸುತ್ತ, "ಆಯ್ತು, ಗಟ್ಟಿಯಾಯ್ತು ಪೂಜೆ!" ಅಂದರು. ಎಲ್ಲ ಮುಗಿದ ಮೇಲೆ ಕಣ್ಣಿಗೆ ಕಂಡದ್ದನ್ನೆಲ್ಲ ಬ್ರಷ್ಷಿನಿಂದ ಗುಡಿಸಿ, ಓಡಿಸಿ ನೋಡಿದೆ. ಕುದುರೆಯಂತೆ ಓಡಿತು.

ಮರುದಿನ ಎರಡನೆಯ ಜೋಡಿ ಬಂತು, ಖಾಲಿ ಸ್ಲಾಟುಗಳಿಗೆ ಹಾಕಿದೆ. ನಾಲ್ಕರ ದೀಪಗಳೂ ಬಣ್ಣಬಣ್ಣವಾಗಿ ಹೊತ್ತಿಕೊಂಡವು. ರ‍್ಯಾಮಿನ ಮೇಲೆ ಬರೆದ ವೇಗಕ್ಕೆ ಏರಿಸಿದೆ, ಆಮೇಲೆ ರೇವತಿಯನ್ನು ಕೇಳಿ ಒಂದು ಮೆಟ್ಟಲು ಮೇಲಕ್ಕೆ. ಎಸಿ ಹಾಕಿಕೊಂಡು ಮೆಮೊರಿ ಪರೀಕ್ಷೆಯ ಪ್ರೋಗ್ರಾಮ್ ಓಡಿಸಿದೆವು, ಒಂದೂ ತಪ್ಪಿಲ್ಲ. ರೇವತಿ ನನ್ನನ್ನು ಅಪ್ಪಿಕೊಂಡಳು. ನಾನು ಲೋಕಲ್ಲಿನಲ್ಲಿ ನಿಂತುಕೊಂಡೇ ಹೋದರೂ ರಾಣಿಯ ಹಾಗೆ ಮನೆಗೆ ಹೋದೆ.

ಗುರುವಾರ ಮಧ್ಯಾಹ್ನ ಫೋನು. "ಆಂಟಿ, ಹ್ಯಾಂಗ್ ಹೋ ಗಯಾ. ಪೂರಾ ಕೆಲಸ ಹೋಯ್ತು!"

ಓಡಿದೆ. ಎಸಿ ಆರಿಸಿಟ್ಟಿದ್ದಳು, ಕೋಣೆ ಸೆಕೆಯಲ್ಲಿ ಬೇಯುತ್ತಿತ್ತು. ಪರೀಕ್ಷೆ ಹಾಕಿದರೆ ಸ್ಕ್ರೀನು ತುಂಬ ಕೆಂಪು ಸಾಲು, ಕೆಂಪು ಅಂದರೆ ತಪ್ಪು. ಸರಿ, ನಾನು ಏರಿಸಿದ ಮೆಟ್ಟಲಿನದೇ ತಂಟೆ ಎಂದು ವೇಗ ಇಳಿಸಿದೆ. ನಾಲ್ಕು ರ‍್ಯಾಮ್ ಒಟ್ಟಿಗಿದ್ದರೆ ಬೋರ್ಡಿಗೆ ಹೊರೆ ಜಾಸ್ತಿ, ಎರಡರಲ್ಲಿ ಸಿಗುವ ವೇಗ ನಾಲ್ಕರಲ್ಲಿ ಸಿಗುವುದು ಕಷ್ಟ. ಇದು ನಿಮಗೂ ನೆನಪಿರಲಿ. ಕೆಂಪು ಸಾಲು ಕಡಿಮೆಯಾದವು, ಹೋಗಲಿಲ್ಲ. ಇನ್ನೂ ಇಳಿಸಿದೆ, ಎಲ್ಲಕ್ಕಿಂತ ಕೆಳಗಿನ ವೇಗಕ್ಕೆ. ಆಗಲೂ ಹೋಗಲಿಲ್ಲ! ಹೊಸ ಜೋಡಿ ತೆಗೆದರೆ, ಎರಡರಲ್ಲಿ, ಮಿಷಿನ್ನು ಗಟ್ಟಿಯಾಗಿ ಓಡುತ್ತದೆ. ಆದರೆ ಅವಳ ಎಪಿಸೋಡು ಎರಡರಲ್ಲಿ ಹಿಡಿಸುವುದಿಲ್ಲ, ಮೆಮೊರಿ ಸಾಲದು ಎಂದು ಅರ್ಧಕ್ಕೆ ನಿಂತುಬಿಡುತ್ತದೆ.

ವಿಠಲಣ್ಣ ಫೋನಿನಲ್ಲೇ ಕುಣಿದರು. "ನಿನ್ನ ಓಟದ ಹುಚ್ಚು! ಒಂದು ಮೆಟ್ಲು, ಒಂದು ಮೆಟ್ಲು ಅಂತ ಆ ಹುಡುಗಿಯ ಕೆಲಸಕ್ಕೆ ಕಲ್ಲು ಹಾಕ್ತಿಯಲ್ಲ!"

"ಕೆಳಗೆ ಇಳಿಸಿದ್ರೂ ತಪ್ಪು ಬರ್ತಾ ಉಂಟು ವಿಠಲಣ್ಣ, ಓಟದ್ದಲ್ಲ ಇದು. ಎರಡು ಜೋಡಿಗೆ ಜಾತಕ ಕೂಡ್ಲಿಲ್ಲ ಕಾಣ್ತದೆ."

ಶುಕ್ರವಾರ ಅವರೇ ಎಲ್ಲೆಲ್ಲೋ ಹುಡುಕಿ, ನಾಲ್ಕೂ ಒಂದೇ ಡಬ್ಬಿಯಲ್ಲಿ ಬಂದ ಸೆಟ್ಟೊಂದನ್ನು ತಂದುಕೊಟ್ಟರು. ಹಾಕಿದೆ. ಬೆಳಿಗ್ಗೆ ಎಸಿಯಲ್ಲಿ ಚೆನ್ನಾಗಿ ಓಡಿತು, ನಾನು ಕೈ ಮುಗಿದೆ. ಮಧ್ಯಾಹ್ನ ಎಸ್ಟೇಟಿನಲ್ಲಿ ಕರೆಂಟು ಹೋಗಿ ಎಸಿ ನಿಂತಿತು, ಅಕ್ಟೋಬರಿನ ಸೆಕೆ ಒಳಗೆ ನುಗ್ಗಿತು. ಕರೆಂಟು ಬಂದ ಮೇಲೆ ನೋಡಿದರೆ ಮತ್ತೆ ಕೆಂಪು ಸಾಲು. ಇಷ್ಟು ವರ್ಷದ ಅನುಭವವೆಲ್ಲ ಎಲ್ಲಿ ಹೋಯಿತೋ, ತಲೆ ಖಾಲಿ.

ಆಗ ನನ್ನ ಕಣ್ಣಿಗೆ ಬಿದ್ದಳು ನೀಲವ್ವ. ಮಗಳಿಗೆ ಊಟದ ಡಬ್ಬಿ ತಂದಿದ್ದಳು, ಒಳಗೆ ಬರಲಿಲ್ಲ. ಹೊಸ್ತಿಲ ಆಚೆ ನಿಂತು, ಕೈ ಮಾತ್ರ ಒಳಗೆ ಚಾಚಿ ಡಬ್ಬಿ ನೆಲದ ಮೇಲಿಟ್ಟಳು.

"ಯಾಕೆ ನೀಲವ್ವಾ, ಬನ್ನಿ ಒಳಗೆ," ಅಂದೆ.

"ಒಲ್ಲೆರಿ ಅಕ್ಕಾರ. ಇಲ್ಲೇ ಚಲೋ ಐತಿ."

ರೇವತಿ ನನ್ನ ಕಿವಿಯಲ್ಲಿ ಹೇಳಿದಳು. ಗುರುವಾರ ಮಿಷಿನ್ನು ನಿಂತ ಸುದ್ದಿ ಹೇಗೋ ಕಾಶವ್ವನಿಗೆ ಮುಟ್ಟಿತ್ತು. ಆಕೆ ಫೋನ್ ಮಾಡಿ ನೀಲವ್ವನಿಗೆ, "ನಾ ಅಂದಿದ್ನಿಲ್ಲ?" ಅಂದಿದ್ದಳು. ಅಷ್ಟೇ ಸಾಕಾಯಿತು. ಅಂದಿನಿಂದ ಆ ತಾಯಿ ಮಗಳ ಕೋಣೆಯ ಹೊಸ್ತಿಲು ದಾಟಿರಲಿಲ್ಲ. ಮನೆಯಲ್ಲಿ ಮಗಳ ಬಟ್ಟೆ ಕೂಡ ಮುಟ್ಟುತ್ತಿರಲಿಲ್ಲವಂತೆ.

"ಆಂಟಿ, ಕೆಲಸ ಹೋದ್ರೆ ಹೋಗ್ಲಿ, ಮತ್ತೆಲ್ಲಾದ್ರೂ ನೌಕರಿ ಮಾಡ್ತೀನಿ," ಅಂದಳು ರೇವತಿ. "ಲೇಕಿನ್ ನಾಳೆ ಇದು ಆಗ್ಲಿಲ್ಲ ಅಂದ್ರೆ ಅವ್ವ ಜನ್ಮಪೂರ್ತಿ ತನ್ನ ಕೈನೇ ಅಪಶಕುನ ಅಂತ ತಿಳ್ಕೊಂಡಿರ್ತಾಳೆ. ನಾನೇ ತಟ್ಟೆ ಕೊಟ್ಟಿದ್ದು ಆಂಟಿ. ನಾನೇ."

ಅಯ್ಯೋ, ಆ ಮಾತು ಕೇಳಿ ನನಗೆ ಬಂದ ಸಿಟ್ಟು! ಕಾಶವ್ವನ ಮೇಲೆ, ಮಿಷಿನ್ನಿನ ಮೇಲೆ, ನನ್ನ ಮೇಲೆ. ಇಷ್ಟು ದಿನ ಇದು ಒಂದು ಎಪಿಸೋಡಿನ ಮಾತು ಎಂದುಕೊಂಡಿದ್ದೆ. ಈಗ ಆ ನಾಲ್ಕು ಸ್ಲಾಟುಗಳಲ್ಲಿ ಒಬ್ಬ ತಾಯಿಯ ಮಾನ ಕೂತಿತ್ತು. ನೋಡೇಬಿಡುತ್ತೇನೆ ಅಂದುಕೊಂಡೆ.

ಶನಿವಾರ ಬೆಳಿಗ್ಗೆ ವಿಠಲಣ್ಣನೂ ಬಂದರು. ಬೋರ್ಡೇ ಬದಲಾಯಿಸೋಣ ಎಂದು ಹೊಸದನ್ನು ಬಗಲಲ್ಲಿ ಇಟ್ಟುಕೊಂಡೇ ಬಂದಿದ್ದರು. ಬೋರ್ಡು ಬದಲಾಯಿಸಿ, ಎಲ್ಲ ಮೊದಲಿನಿಂದ ಹೂಡಿ, ಆಮೇಲೆ ಅವಳ ಎಪಿಸೋಡು ಹೊರಬರಬೇಕೆಂದರೆ ಆರು ಗಂಟೆ ದಾಟುವುದು ಖಂಡಿತ.

"ಸ್ವಲ್ಪ ತಡೀರಿ," ಅಂದೆ. "ನಾವು ಎಲ್ಲ ಒಟ್ಟೊಟ್ಟಿಗೆ ಬದಲು ಮಾಡ್ತಾ ಇದ್ದೇವೆ. ಒಂದೊಂದೇ ನೋಡುವ."

ಇದನ್ನು ಬರೆದುಕೊಳ್ಳಿ ಮಕ್ಕಳೇ, ಒಂದು ಸಲಕ್ಕೆ ಒಂದೇ ಬದಲಾವಣೆ. ವೇಗ ಬದಲಾಯಿಸಿದ್ದೆ, ರ‍್ಯಾಮ್ ಬದಲಾಯಿಸಿದ್ದೆ. ಬದಲಾಗದೆ ಉಳಿದದ್ದು ಏನು? ಸ್ಲಾಟುಗಳು! ಮಿಷಿನ್ನನ್ನು ಮತ್ತೆ ಮಲಗಿಸಿದೆ. ನಾಲ್ಕನ್ನೂ ಕಿತ್ತು, ಮೊದಲು ಎರಡು, ನಾಲ್ಕರಲ್ಲಿ ಚೆನ್ನಾಗಿ ಓಡುತ್ತಿದ್ದ ಜೋಡಿಯನ್ನೇ ಒಂದು, ಮೂರಕ್ಕೆ ಹಾಕಿದೆ. ಬೇರೇನೂ ಮುಟ್ಟಲಿಲ್ಲ. ಸ್ವಿಚ್ಚು ಒತ್ತಿದೆ. ಪಂಖ ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು.

"ಸಿಕ್ಕಿತು, ತಪ್ಪು ಸ್ಲಾಟಿನದು!" ಎಂದು ಚೀರಿದೆ. ರೇವತಿ ಬೆಚ್ಚಿಬಿದ್ದಳು. ರ‍್ಯಾಮ್ ಕಿತ್ತು, ಮೊಬೈಲಿನ ಟಾರ್ಚು ಹಿಡಿದು ಒಂದನೆಯ ಸ್ಲಾಟಿನೊಳಗೆ ಬಗ್ಗಿ ನೋಡಿದೆ. ಹಿತ್ತಾಳೆಯ ಬಣ್ಣದ ಹಲ್ಲುಗಳ ನಡುವೆ ಏನೋ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಸೂಜಿಯಷ್ಟು ತೆಳ್ಳಗಿನ ಬ್ರಷ್ಷಿನಿಂದ ಮೆಲ್ಲಗೆ ಕೆದಕಿ ಬಿಳಿಯ ಕಾಗದದ ಮೇಲೆ ಕೊಡವಿದೆ. ಕೆಂಪು ಪುಡಿ ಬಿತ್ತು.

ವಿಠಲಣ್ಣ ಬಗ್ಗಿದರು. "ಎಂತ ಅದು, ತುಕ್ಕಾ? ಹೊಸ ಬೋರ್ಡಿಗೆ?"

"ತುಕ್ಕಲ್ರಿ," ಎಂಬ ಧ್ವನಿ ಬಾಗಿಲಿನಿಂದ ಬಂತು. ನೀಲವ್ವ ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. "ನನ್ನ ಕುಂಕುಮ ಅದು."

ನನಗೆ ಎಲ್ಲ ತಟ್ಟನೆ ಅರ್ಥವಾಯಿತು. ಪೂಜೆಯ ದಿನ ಖಾಲಿ ಇದ್ದ ಎರಡು ಸ್ಲಾಟುಗಳಿಗೆ ಪುಡಿ ಉದುರಿತ್ತು, ಮರುದಿನ ನಾನು ಅದರ ಮೇಲೆಯೇ ರ‍್ಯಾಮ್ ಒತ್ತಿ ಕೂರಿಸಿದ್ದೆ. ಎಸಿ ಇದ್ದಾಗ ಒಣಗಿರುತ್ತಿತ್ತು, ಸೆಕೆ ಏರಿದಾಗ ತೇವ ಹಿಡಿದು ತಂಟೆ ಮಾಡುತ್ತಿತ್ತು. ಆದರೆ ಆ ತಾಯಿಗೆ ಅರ್ಥವಾದದ್ದು ಬೇರೆ. ಡಬ್ಬಿ ಕೆಳಗಿಟ್ಟು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ನಾ ಬ್ಯಾಡ ಅಂದಿದ್ದೆ ತಂಗಿ," ಅಂದಳು ಮಗಳಿಗೆ. "ನನ್ನ ಕೈ ಬ್ಯಾಡ ಅಂದಿದ್ದೆ."

ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ, ಸೆರಗಿನಿಂದ ಅವಳ ಕೈ ಎಳೆದು, ಹೊಸ್ತಿಲು ದಾಟಿಸಿ ಮೇಜಿನ ಮುಂದೆ ನಿಲ್ಲಿಸಿದೆ. "ಹೌದು, ನಿಮ್ಮ ಕುಂಕುಮವೇ! ಮುಷ್ಟಿ ಮುಷ್ಟಿ ಹಾಕಿದ್ರಿ, ಮತ್ತೆಂತ ಆಗ್ಬೇಕು? ಇಗೊಳ್ಳಿ, ಈ ಹಲ್ಲು ನೋಡಿ. ಇದರ ನಡುವೆ ಪುಡಿ ಬಿದ್ರೆ ನಿಲ್ತದೆ. ಭಟ್ರು ಹಾಕಿದ್ರೂ ನಿಲ್ತದೆ, ಕಾಶವ್ವ ಹಾಕಿದ್ರೂ ನಿಲ್ತದೆ. ಇದಕ್ಕೆ ಯಾರ ಕೈ ಅಂತ ಗೊತ್ತಾಗುದಿಲ್ಲ ನೀಲವ್ವಾ, ಎಷ್ಟು ಅಂತ ಮಾತ್ರ ಗೊತ್ತಾಗ್ತದೆ!"

ನನ್ನ ಧ್ವನಿ ಎಷ್ಟು ಏರಿತ್ತೆಂದರೆ ಪಕ್ಕದ ಗಾಳಾದವರು ಇಣುಕಿದರು. ನೀಲವ್ವ ನಂಬಿದಂತೆ ಕಾಣಲಿಲ್ಲ. ಆಗ ವಿಠಲಣ್ಣ ಕೆಮ್ಮಿದರು.

"ನೋಡಿ ಅಮ್ಮ, ಇದು ನಾನು ಯಾರಿಗೂ ಹೇಳಿದ್ದಲ್ಲ. ಹೋಟೆಲಲ್ಲಿ ಮೊದಲ ವರ್ಷ ಬಿಲ್ಲಿನ ಮಿಷಿನ್ ತಕೊಂಡ್ವಿ. ನಾನು, ನನ್ನ ಹೆಂಡ್ತಿ, ಇಬ್ರೂ ಜೋಡಿಯಲ್ಲಿ ಕೂತು ಪೂಜೆ ಮಾಡಿದ್ದು. ಅವಳು ರೇಷ್ಮೆ ಸೀರೆ, ಮೂಗುತಿ, ತಲೆ ತುಂಬ ಮಲ್ಲಿಗೆ. ಒಂದೊಂದು ಗುಂಡಿಗೂ ಅರಿಶಿನ ಕುಂಕುಮ ಹಚ್ಚಿದ್ಳು. ಮಧ್ಯಾಹ್ನದ ಊಟದ ರಶ್ಶಿಗೆ ಸರಿಯಾಗಿ ಮಿಷಿನ್ನು ಡಬ್ಬ! ಒಂದು ಒತ್ತಿದ್ರೆ ಏಳು ಬರ್ತದೆ. ಒಂದು ಇಡ್ಲಿ ತಿಂದವನಿಗೆ ಏಳು ಇಡ್ಲಿ ಬಿಲ್ಲು!"

"ಖರೇನ್ರಿ?"

"ದೇವರಾಣೆ ಖರೇ."

ನೀಲವ್ವನ ಬಾಯಿ ಸೊಟ್ಟಗಾಯಿತು. ಅಳುತ್ತಾಳೆಂದುಕೊಂಡೆ. ನಕ್ಕಳು! ಸೆರಗು ಬಾಯಿಗೆ ಒತ್ತಿಕೊಂಡು, ಹೆಗಲು ಕುಣಿಸಿ ಕುಣಿಸಿ ನಕ್ಕಳು. "ಏಳು ಇಡ್ಲಿ ಬಿಲ್ಲು! ಅಯ್ಯ ನನ್ನ ಶಿವನ!" ರೇವತಿ ಅಳತೊಡಗಿದಳು, ಈ ತಾಯಿ ಮಗಳ ರೀತಿಯೇ ಉಲ್ಟಾ.

ನಾನು ಸ್ಪಿರಿಟ್ಟಿನ ಬಾಟಲಿಗೆ ಕೈ ಹಾಕಿದೆ. ನೀಲವ್ವ ತಡೆದಳು. "ಹಸಿ ಮಾಡಬ್ಯಾಡ್ರಿ ಅಕ್ಕಾರ, ಮೆತ್ತಿಕೊಂಡು ಕುಂದರತೈತಿ. ಮೊದಲ ಒಣಾದ್ದು ಝಾಡಿಸ್ರಿ." ಹೌದಲ್ಲ! ಎಸಿಯನ್ನು ಜೋರಾಗಿಟ್ಟು ಒಣಗಲು ಬಿಟ್ಟೆವು. ಬ್ರಷ್ಷಿನಿಂದ ಕೆದಕಿದೆ, ಗಾಳಿ ಊದುವ ಬ್ಲೋವರ್ ಹಿಡಿದೆ, ಕೊನೆಗೆ ಸ್ಪಿರಿಟ್ಟಿನಿಂದ ಒರೆಸಿದೆ. ನಾಲ್ಕೂ ರ‍್ಯಾಮುಗಳ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದೆ. ನೀಲವ್ವ ಟಾರ್ಚು ಹಿಡಿದು ನಿಂತಿದ್ದಳು, ಕೈ ಒಂದಿಷ್ಟೂ ಅಲುಗಲಿಲ್ಲ.

ನಾಲ್ಕೂ ಕೂರಿಸಿ ಸ್ವಿಚ್ಚು ಒತ್ತಿದೆ. ಬೀಪ್. ಪರದೆ ಬೆಳಗಿತು, ನಾಲ್ಕನ್ನೂ ಎಣಿಸಿ ತೋರಿಸಿತು. ಎಸಿ ಆರಿಸಿ, ಬಾಗಿಲು ತೆರೆದಿಟ್ಟು, ಬೇಕೆಂದೇ ಸೆಕೆ ಒಳಗೆ ಬಿಟ್ಟು ಪರೀಕ್ಷೆ ಹಾಕಿದೆ. ಎಲ್ಲರೂ ಬೆವರುತ್ತ ಸ್ಕ್ರೀನನ್ನೇ ನೋಡಿದೆವು. ಒಂದೂ ಕೆಂಪು ಸಾಲಿಲ್ಲ!

"ಒಂದು ಮೆಟ್ಲು ಏರಿಸ್ಲಾ?" ಅಂದೆ, ಬಾಯಿ ತಡೆಯದೆ.

"ಏರಿಸಿದ್ರೆ ನಿನ್ನನ್ನು ಲೋಕಲ್ಲಿಂದ ಹೊರಗೆ ತಳ್ತೇನೆ," ಅಂದರು ವಿಠಲಣ್ಣ. ನಾಲ್ಕಕ್ಕೆ ಬೋರ್ಡ್ ಕಂಪನಿ ಹೇಳಿದ ವೇಗಕ್ಕೇ ಬಿಟ್ಟೆ. ನೀವೂ ಕೆಲಸದ ಮಿಷಿನ್ನಿಗೆ ಅಷ್ಟೇ ಮಾಡಿ, ಓಟದ ಆಟಕ್ಕೆ ನಿಮ್ಮದೇ ಒಂದು ಹಳೆಯ ಮಿಷಿನ್ನು ಇಟ್ಟುಕೊಳ್ಳಿ.

ರೇವತಿ ಕೂತಳು. ಕೊನೆಯ ದೃಶ್ಯ ಕೂರಿಸಿ, ಎಪಿಸೋಡನ್ನು ಹೊರತೆಗೆಯಲು ಬಿಟ್ಟಳು. ಸ್ಕ್ರೀನಿನ ಮೇಲೆ ಹಸಿರು ಪಟ್ಟಿ ಇರುವೆಯ ಹಾಗೆ ನಡೆಯಿತು. ನಾವು ನಾಲ್ವರೂ ರೊಟ್ಟಿ, ಶೇಂಗಾ ಚಟ್ನಿ ತಿಂದೆವು, ಏನು ತಿಂದೆವೋ ಯಾರಿಗೂ ಗೊತ್ತಾಗಲಿಲ್ಲ. ಪಟ್ಟಿ ತುಂಬಿತು. ರೇವತಿ ಕಳಿಸಿದಳು. ಆರಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಸೀರಿಯಲ್ಲಿನವರಿಂದ ಫೋನ್ ಬಂತು, ಅವಳು ಸ್ಪೀಕರಿಗೆ ಹಾಕಿದಳು. "ಮಿಲ್ ಗಯಾ. ಅಚ್ಛಾ ಹೈ. ದೂಸರಾ ಎಪಿಸೋಡ್ ಸೋಮವಾರ್ ಭೇಜತೇ ಹೈಂ." ಎರಡನೆಯ ಎಪಿಸೋಡೂ ಅವಳಿಗೇ ಎಂದು ಕೇಳಿ ವಿಠಲಣ್ಣ ಶಿಳ್ಳೆ ಹೊಡೆದರು. ಅವರಿಗೆ ಶಿಳ್ಳೆ ಬರುತ್ತದೆಂದು ನನಗೆ ಅಷ್ಟು ವರ್ಷ ಗೊತ್ತಿರಲಿಲ್ಲ.

ಆ ಗದ್ದಲದ ನಡುವೆಯೇ ನೀಲವ್ವನ ಫೋನು ಹೊಡೆದುಕೊಂಡಿತು. ಹೆಸರು ನೋಡಿ ರೇವತಿಯ ಮುಖ ಬಿಗಿಯಿತು. ಕಾಶವ್ವ. "ಕೊಡು ಅವ್ವ, ನಾನು ಮಾತಾಡ್ತೀನಿ," ಎಂದು ಕೈ ಚಾಚಿದಳು. ನೀಲವ್ವ ಕೊಡಲಿಲ್ಲ. ಮಿಷಿನ್ನಿನ ಪಕ್ಕದ ಕುರ್ಚಿಯಲ್ಲಿ ಆರಾಮಾಗಿ ಕೂತು ಫೋನು ಕಿವಿಗಿಟ್ಟಳು. ಆ ಕಡೆಯಿಂದ ಏನು ಕೇಳಿದಳೋ ನಮಗೆ ಕೇಳಿಸಲಿಲ್ಲ.

"ಹೌದವಾ ಕಾಶಿ, ಕೆಟ್ಟಿತ್ತು," ಅಂದಳು. "ನನ್ನ ಕೈಯಿಂದನ ಕೆಟ್ಟಿತ್ತು. ಕುಂಕುಮ ಜಾಸ್ತಿ ಬಿತ್ತು. ಮುಂದಿನ ವರ್ಷ ಒಂದೀಟ ಕಡಿಮಿ ಹಾಕ್ತೀನಿ."